ಅಂಗಿಯ ಬೆನ್ನಿನ ಹೆಸರು

ಆ ಬೀದಿಯವರು ಟೈಲರ್ ಅಕ್ಕ ಎಂದೇ ಕರೆಯುತ್ತಿದ್ದ ಹೆಂಗಸು ಇಪ್ಪತ್ತೆರಡು ವರ್ಷಗಳಿಂದ ಆಟಗಾರರ ಅಂಗಿ ಹೊಲಿಯುತ್ತಿದ್ದಳು. ಕಂಕುಳಲ್ಲಿ ಬಿಗಿಯದ, ಒಗೆದರೆ ಕುಗ್ಗದ ಅಂಗಿ ಬೇಕೆಂದರೆ ತಂಡಗಳು ಅವಳ ಮನೆಯ ಮುಂದಿನ ಕೋಣೆಗೇ ಬರುತ್ತಿದ್ದವು. ಆದರೆ ಬೆನ್ನ ಮೇಲೆ ಹೆಸರು, ಸಂಖ್ಯೆ ಹಾಕಿಸಲು ಮಾತ್ರ ಅವಳು ಎರಡು ಬೀದಿ ಆಚೆಯ ಪ್ರಿಂಟಿಂಗ್ ಅಂಗಡಿಯವನ ಬಾಗಿಲು ಕಾಯಬೇಕಿತ್ತು. ಯಾವಾಗ ಕೇಳಿದರೂ ಅವನ ಬಾಯಲ್ಲಿ ಬರುತ್ತಿದ್ದದ್ದು "ನಾಳೆ" ಎಂಬ ಒಂದೇ ಮಾತು. ಕಳೆದ ಸಲ ಒಂದು ವಾಲಿಬಾಲ್ ತಂಡ ಪಂದ್ಯ ಆಡಿ, ಸೋತು, ಮನೆ ಸೇರಿ ಎರಡು ದಿನವಾದ ಮೇಲೆ ಅಂಗಿಗಳು ಬಂದವು. ಬೈಸಿಕೊಂಡವಳು ಅಕ್ಕ.

"ಇನ್ನು ಅವನ ಕೈಕಾಲು ಹಿಡಿಯೋದು ಸಾಕು. ಹೆಸರು ಕತ್ತರಿಸೋ ಮಷೀನು ಮನೆಗೇ ತರ್ತೀನಿ," ಎಂದಳು.

ಈ ಮಾತನ್ನು ತಮ್ಮನ ಎದುರು ಆಡಿದ್ದೇ ತಪ್ಪಾಯಿತು. ನೀರಿನ ಮೀಟರ್ ಓದುವ ಕೆಲಸದಲ್ಲಿದ್ದ ಅವನು ಒಂದು ವಾರ ಮೊಬೈಲಿನಲ್ಲಿ ವೀಡಿಯೊ ನೋಡಿ ಪಂಡಿತನಾಗಿ ಬಂದ.

"ತಗೊಂಡ್ರೆ ಇಪ್ಪತ್ನಾಲ್ಕು ಇಂಚಿಂದೇ ತಗೋಬೇಕು ಅಕ್ಕ. ಕಾರಿಗೂ ಸ್ಟಿಕ್ಕರ್ ಮಾಡ್ಬಹುದು."

"ನಮ್ಮತ್ರ ಕಾರೆಲ್ಲಿದೆ?"

"ಮುಂದೆ ಬರಬಹುದಲ್ಲ."

ಅವಳು ಕೊರಳಲ್ಲಿದ್ದ ಟೇಪು ತೆಗೆದು, ಎಲ್ಲಕ್ಕಿಂತ ದೊಡ್ಡ ಅಂಗಿಯ ಬೆನ್ನನ್ನು ಅಳೆದಳು. ಉದ್ದನೆಯ ಹೆಸರಿಗೂ ಹನ್ನೊಂದು ಇಂಚು ದಾಟಲಿಲ್ಲ. "ಹನ್ನೆರಡು ಇಂಚಿನ ಮಷೀನು ಸಾಕು. ಅದಕ್ಕಿಂತ ಅಗಲ ಬೆನ್ನಿರೋ ಮನುಷ್ಯ ಸಿಕ್ಕಿದ್ರೆ ಆಮೇಲೆ ನೋಡೋಣ."

ಮಷೀನು ಮಾರುವ ಅಂಗಡಿಯಲ್ಲಿ ಅವಳು ತಾನು ಹೊಲಿದ ಅಂಗಿಯೊಂದನ್ನು ಮೇಜಿನ ಮೇಲೆ ಹಾಸಿ ಕೇಳಿದಳು: "ಇದರ ಮೇಲೆ ಹೆಸರು ಕೂರ್ಬೇಕು, ಒಗೆದ್ರೆ ಏಳ್ಬಾರ್ದು. ಯಾವ ಮಷೀನು, ಹೆಸರು ಕತ್ತರಿಸೋಕೆ ಯಾವ ವಿನೈಲ್ ಹಾಳೆ?"

ಮಾರುವವನು ಅಂಗಿಯತ್ತ ಕಣ್ಣೂ ಹಾಯಿಸಲಿಲ್ಲ. "ಮೇಡಂ, ಇದು ನೂರು ಬಗೆ ವಸ್ತು ಕತ್ತರಿಸುತ್ತೆ. ಚರ್ಮ, ತೆಳು ಮರ, ರಟ್ಟು..."

"ನಂಗೆ ಒಂದೇ ಬಗೆ ಸಾಕು."

"ತಿಳಿ ಗುಲಾಬಿ ಬಣ್ಣದಲ್ಲೂ ಬರುತ್ತೆ."

ಪಕ್ಕದಲ್ಲಿ ನಿಂತ ತಮ್ಮ ಮಷೀನಿನ ಮುಚ್ಚಳ ತೆಗೆಯುತ್ತ ಮುಚ್ಚುತ್ತ ಇದ್ದ. ಅರ್ಧ ಗಂಟೆ ತಲೆ ತಿನ್ನಿಸಿಕೊಂಡು ಅವಳು ಮಾರುವವನ ಬಾಯಿಂದ ಹೊರಡಿಸಿದ ಉಪಯೋಗದ ಮಾತು ಒಂದೇ: ಗುಲಾಬಿ ಬಣ್ಣದ್ದು ಇಂಟರ್ನೆಟ್ ಇದ್ದರಷ್ಟೇ ಓಡುತ್ತದೆ, ಪಕ್ಕದ ಬೂದು ಬಣ್ಣದ್ದಕ್ಕೆ ಮನೆಯ ಕಂಪ್ಯೂಟರ್ ಸಾಕು. ಅವಳ ಮನೆಯ ಇಂಟರ್ನೆಟ್ ಮನಸ್ಸು ಬಂದಾಗ ಬರುವಂಥದ್ದು. ಬೂದು ಮಷೀನನ್ನೇ ಕೊಂಡಳು. ಜೊತೆಗೆ ವಿನೈಲ್ ಕೂರಿಸುವ ಅಂಟುಹಾಳೆ, ಚೂರು ಕೀಳುವ ಸಣ್ಣ ಕೊಕ್ಕೆ, ಮಾರುವವನೇ ಆರಿಸಿ ಕೊಟ್ಟ ಎರಡು ಸುರುಳಿ ವಿನೈಲ್.

ಮನೆಯಲ್ಲಿ ಒಂದು ತಂಡದ ಹದಿನಾಲ್ಕು ಅಂಗಿಗಳ ಕೆಲಸ ಕಾಯುತ್ತಿತ್ತು. ಮೊದಲ ಹೆಸರು ಚೆನ್ನಾಗಿಯೇ ಕತ್ತರಿಸಿ ಬಂತು. ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿದ್ದೇ ತಡ, ಅದು ಮುರುಟಿ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಮೆತ್ತಿಕೊಂಡಿತು. ಕೋಣೆ ತುಂಬ ಸುಟ್ಟ ವಾಸನೆ. ಮರುದಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅವಳು ಮೆಟ್ಟಿಲ ಮೇಲಿದ್ದಳು.

"ಮೇಡಂ, ಇದು ಬಾಟಲಿಗೆ, ಗೋಡೆಗೆ ಅಂಟಿಸೋದು. ಬಟ್ಟೆಗೆ ಬಿಸಿಗೆ ಅಂಟೋ ವಿನೈಲೇ ಬೇರೆ. ಬಟ್ಟೆಗೆ ಅಂತ ನೀವು ಹೇಳ್ಬೇಕಿತ್ತು."

ಅವಳು ಸುರುಳಿಗಳನ್ನು ಮೇಜಿನ ಮೇಲಿಟ್ಟಳು. "ನಿಮ್ಮ ಮುಂದೆ ಅಂಗಿ ಹಾಸಿದ್ದೆ. ಅದನ್ನ ಬಾಟಲಿ ಅಂದ್ಕೊಂಡ್ರಾ?"

ಅವನು ಸುರುಳಿ ಬದಲಿಸಿ ಕೊಟ್ಟ.

ಬಿಸಿಗೆ ಅಂಟುವ ವಿನೈಲ್‌ನಲ್ಲಿ ಅಕ್ಷರಗಳನ್ನು ತಿರುವುಮುರುವಾಗಿ ಕತ್ತರಿಸಬೇಕು, ಅಂಟಿಸಿದಾಗ ಸರಿಯಾಗಿ ಕೂರುತ್ತವೆ. ಇದನ್ನು ತಮ್ಮ ಮೂರು ಸಲ ಹೇಳಿದ್ದ. ತಾನೇ ಕಂಪ್ಯೂಟರ್ ಮುಂದೆ ಕುಳಿತಾಗ ಮರೆತ. ಬಟ್ಟೆಯ ಮೇಲೆ ಕನ್ನಡಿ ಹಿಡಿದು ಓದಬೇಕಾದ ಹೆಸರು ಮೂಡಿತು.

"ಎದುರು ತಂಡದವರಿಗೆ ಗೊಂದಲ ಆಗ್ಲಿ ಬಿಡು," ಎಂದ.

"ನೀನು ಮೊದ್ಲು ಏಳು," ಎಂದಳು ಅಕ್ಕ.

ಆ ಕುರ್ಚಿಯಲ್ಲಿ ಮತ್ತೆ ಅವನನ್ನು ಕೂರಿಸಲಿಲ್ಲ. ಮಷೀನಿನ ಬ್ಲೇಡು ವಿನೈಲ್ ದಾಟಿ ಅದರ ಹಿಂದಿನ ಪಾರದರ್ಶಕ ಹಾಳೆಯನ್ನೂ ಸೀಳುತ್ತಿತ್ತು. ಕತ್ತರಿ ಹಿಡಿದು ಬದುಕಿದವಳಿಗೆ ಅದನ್ನು ಸರಿಪಡಿಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೂಲೆಯಲ್ಲಿ ಒಂದು ಪುಟ್ಟ ಚೌಕ ಕತ್ತರಿಸಿ ನೋಡುವುದು, ಬ್ಲೇಡನ್ನು ಒಂದು ಗೀಟು ಮೇಲಕ್ಕೆತ್ತುವುದು, ಮತ್ತೆ ನೋಡುವುದು. ಹೀಗೆ ಮೂರನೇ ದಿನಕ್ಕೆ ಹದ ಸಿಕ್ಕಿತು.

ಸೊಂಟ ಮುರಿದದ್ದು ಆಮೇಲಿನ ಕೆಲಸ. ಅಕ್ಷರಗಳ ಸಂದಿಯಲ್ಲಿ ಉಳಿದ ಚೂರುಗಳನ್ನೆಲ್ಲ ಕೊಕ್ಕೆಯಿಂದ ಒಂದೊಂದಾಗಿ ಕೀಳಬೇಕು. ಎರಡನೇ ಹೆಸರಿಗೇ ಅವಳ ಕಣ್ಣು ಮಂಜಾಯಿತು. ಅಲ್ಲೇ ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಅತ್ತೆ ಕೈ ಚಾಚಿದರು. ಯಾವುದರಲ್ಲಾದರೂ ಹುಳುಕು ಹುಡುಕುವುದರಲ್ಲಿ ಆ ಮನೆಯಲ್ಲಿ ಅವರನ್ನು ಮೀರಿಸಿದವರಿಲ್ಲ.

"ಕೊಡಿಲ್ಲಿ. ನೀನು ಹಂಗೆ ಎಳೆದ್ರೆ ಅಕ್ಷರಾನೇ ಎದ್ದು ಬರತ್ತೆ."

ಕನ್ನಡಕ ಏರಿಸಿಕೊಂಡು ಒಂದು ಗಂಟೆಯಲ್ಲಿ ನಾಲ್ಕು ಹೆಸರು ಬಿಡಿಸಿಟ್ಟರು. ಆ ಒಂದು ಗಂಟೆಯೂ ಸೊಸೆ ಕೊರಳಪಟ್ಟಿ ಹೊಲಿಯುವ ರೀತಿ ಸರಿಯಿಲ್ಲವೆಂದು ಹೇಳುತ್ತಲೇ ಇದ್ದರು. ಸೊಸೆ ಐದನೇ ಹೆಸರನ್ನೂ ಅವರ ಮುಂದಿಟ್ಟಳು.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಆ ತಂಡದ ತರಬೇತುದಾರ ಬಂದಾಗ ಹದಿನಾಲ್ಕು ಅಂಗಿಗಳೂ ಮಡಚಿ ಸಿದ್ಧವಾಗಿದ್ದವು. ಒಂದೊಂದನ್ನೇ ಬಿಚ್ಚಿ ನೋಡಿದ ಅವನು ಒಂಬತ್ತನೆಯದಕ್ಕೆ ನಿಂತ.

"ಇದರಲ್ಲಿ ಒಂದಕ್ಷರ ತಪ್ಪಾಗಿದೆ ಅಕ್ಕ."

ಅವಳು ಒಳಗಿನಿಂದ ತಂಡ ಕೊಟ್ಟಿದ್ದ ಹೆಸರುಗಳ ಪಟ್ಟಿ ತಂದು ಮುಂದೆ ಹಿಡಿದಳು. ತಪ್ಪು ಪಟ್ಟಿಯಲ್ಲೇ ಇತ್ತು.

"ಓ, ನಾನೇ ಹಿಂಗೆ ಬರೆದಿದ್ನಾ?"

"ನಮ್ಮತ್ತೆ ಅಂತೂ ಬರೆದಿಲ್ಲ."

ಒಮ್ಮೆ ಅಂಟಿದ ವಿನೈಲನ್ನು ಕಿತ್ತರೆ ಬಟ್ಟೆಯಲ್ಲಿ ಕಲೆ ಉಳಿಯುತ್ತದೆ. ಅವಳು ನಿಟ್ಟುಸಿರು ಬಿಟ್ಟು ಅಂಗಿಯ ಬೆನ್ನಿನ ಭಾಗವನ್ನೇ ಬಿಚ್ಚಿ ಹಾಕಿದಳು. ಹೊಸ ಬಟ್ಟೆ ಕತ್ತರಿಸಿ, ಹೊಸ ಹೆಸರು ಒತ್ತಿ, ಮತ್ತೆ ಸೇರಿಸಿ ಹೊಲಿದಳು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ತರಬೇತುದಾರ ಸ್ಟೂಲಿನ ಮೇಲೆ ಕುಳಿತು, ಕೈಬರಹ ಹೇಗಿರಬೇಕೆಂದು ಅತ್ತೆ ಹೇಳುವುದನ್ನು ಕೇಳಿದ. ಅಂಗಿಗಳ ಗಂಟು ಹೊತ್ತು ಹೊರಟಾಗ ಅವನ ಹೆಜ್ಜೆ ಬಂದಾಗಿನದಕ್ಕಿಂತ ಚುರುಕಾಗಿತ್ತು.

ಈಗ ಯಾವ ತಂಡ ಬಂದರೂ ಅಕ್ಕ ಪಟ್ಟಿಯನ್ನು ತನ್ನೆದುರೇ ಬರೆಸಿ, ಗಟ್ಟಿಯಾಗಿ ಓದಿಸಿ, ಕೆಳಗೆ ಸಹಿ ಹಾಕಿಸಿಕೊಳ್ಳುತ್ತಾಳೆ. ಮಷೀನು ಆರಿಸಿದ್ದು ತಾನೇ ಎಂದು ತಮ್ಮ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅವಳು ತಿದ್ದಲು ಹೋಗುವುದಿಲ್ಲ. ರಜೆಯ ದಿನ ಅವನು ಬಂದರೆ ಅಂಗಿ ಮಡಚಲು ಕೂರಿಸುತ್ತಾಳೆ.