ನನಗೆ ಮಾತ್ರ ಬಂದ ವಾಸನೆ

ದೆವ್ವ, ಗಾಳಿ, ಶಕುನ ಇಂಥವನ್ನು ನಾನು ಯಾವತ್ತೂ ನಂಬಿದವನಲ್ಲ. ಯಾರಾದರೂ ಅಂಥ ಮಾತು ತೆಗೆದರೆ ‘ಕೆಲಸ ಇಲ್ಲದವರ ಕಥೆ’ ಎಂದು ಎದ್ದು ಹೋಗುತ್ತಿದ್ದೆ. ಏಳನೇ ತರಗತಿಗೆ ಶಾಲೆ ಬಿಟ್ಟು ಬಿಸಿನೀರಿಗೆ ಕೈ ಹಾಕಿದವನಿಗೆ ಅದಕ್ಕೆಲ್ಲ ಪುರುಸೊತ್ತೂ ಇರಲಿಲ್ಲ. ಈಗ ನಾನೇ ಇದನ್ನು ಬರೆಯಲು ಕುಳಿತಿದ್ದೇನೆ ಎಂದರೆ ಊರಿನವರು ನಗುತ್ತಾರೆ. ನಗಲಿ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನಮ್ಮದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ರೇಷ್ಮೆ ನೂಲು ತೆಗೆಯುವುದು ಮನೆತನದ ಕಸುಬು. ಮನೆಗೆ ಅಂಟಿಕೊಂಡಂತೆ ಹಿಂದೆ ಒಂದು ಕೋಣೆ. ಅದರಲ್ಲಿ ಒಲೆ, ಒಲೆಯ ಮೇಲೆ ದೊಡ್ಡ ಬಾಣಲೆ, ಪಕ್ಕದಲ್ಲಿ ಚರಕ. ಹಸಿ ಗೂಡನ್ನು ಕುದಿಯುವ ನೀರಿಗೆ ಹಾಕಿ, ಎಳೆ ಹುಡುಕಿ ಚರಕಕ್ಕೆ ಕೊಟ್ಟರೆ ನೂಲು ಸುತ್ತಿಕೊಳ್ಳುತ್ತದೆ, ಬೆಂದ ಹುಳು ಬಾಣಲೆಯಲ್ಲಿ ಉಳಿಯುತ್ತದೆ. ಆ ಹುಳುವಿನ ವಾಸನೆಗೆ ಹೊರಗಿನವರು ನಮ್ಮ ಬೀದಿಗೆ ಕಾಲಿಟ್ಟ ಕೂಡಲೇ ಕರ್ಚೀಫು ಹುಡುಕುತ್ತಾರೆ. ನನಗೆ ಮಾತ್ರ ಅದು ಬರುತ್ತಲೇ ಇರಲಿಲ್ಲ. ಹುಟ್ಟಿ ಬೆಳೆದದ್ದೇ ಅದರಲ್ಲಿ. ಮಲ್ಲಿಗೆ ಗೊತ್ತಾಗುತ್ತಿತ್ತು, ಸೀದ ಸಾರು ಗೊತ್ತಾಗುತ್ತಿತ್ತು, ಇದೊಂದು ಗೊತ್ತಾಗುತ್ತಿರಲಿಲ್ಲ.

ನಮ್ಮವ್ವ ಬದುಕಿರುವವರೆಗೆ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಹೊಸ ಗೂಡು ತಂದಾಗಲೆಲ್ಲ ಒಂದನ್ನು ಆರಿಸಿ ಗೋಡೆಯಲ್ಲಿದ್ದ ದೀಪದ ಮಾಡದೊಳಗೆ ಇಡುವಳು. ವಾರ ಕಳೆಯುವುದರೊಳಗೆ ಅದನ್ನು ತೂತು ಮಾಡಿಕೊಂಡು ಬಿಳಿ ಚಿಟ್ಟೆ ಹೊರಬರುತ್ತಿತ್ತು. ಅದನ್ನು ಎಲೆಯ ಮೇಲೆ ಎತ್ತಿಕೊಂಡು ಹೋಗಿ ಬೇಲಿಯ ಹರಳು ಗಿಡದ ಮೇಲೆ ಬಿಟ್ಟು ಬರುವಳು. “ಇಷ್ಟೊಂದು ಜೀವ ಬೇಯಿಸ್ತೀವಲ್ಲಪ್ಪ, ಒಂದಾದ್ರೂ ಬದುಕ್ಕೊಳ್ಳಿ” ಎನ್ನುತ್ತಿದ್ದಳು. ಅವಳು ಹೋದ ಮೇಲೆ ನಾನೂ ಇಡುತ್ತಿದ್ದೆ. ನಂಬಿಕೆಯಿಂದಲ್ಲ, ರೂಢಿಯಿಂದ.

ನನ್ನ ಹೆಂಡತಿ ಮಂಜುಳಾ ದೊಡ್ಡಬಳ್ಳಾಪುರದ ಮಗ್ಗದ ಮನೆಯವಳು. ಪವರ್‌ಲೂಮ್ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವಳು. ಅವಳ ಕಿವಿಗೆ ಯಾವ ಸದ್ದಾದರೂ ಒಗ್ಗುತ್ತದೆ, ಮೂಗಿಗೆ ನಮ್ಮ ಮನೆ ಒಗ್ಗಲಿಲ್ಲ. ಎರಡು ವರ್ಷ ಬಾಯಿ ಬಿಡದೆ ಇದ್ದಳು. ಬಸುರಿಯಾದ ಮೇಲೆ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ದಿನ ತಟ್ಟೆಯ ಮುಂದೆ ಕುಳಿತವಳು ಅತ್ತುಬಿಟ್ಟಳು. “ರೀ, ಮನೆ ಒಂದೇ ಅಲ್ಲ, ನೀವೂ ಅದೇ ವಾಸ್ನೆ ಬರ್ತೀರಾ” ಎಂದಳು.

ನನಗೆ ರೇಗಿತು. “ಆ ವಾಸ್ನೇನೇ ಕಣೇ ನಿಂಗೆ ಅನ್ನ ಹಾಕ್ತಿರೋದು!” ಎಂದು ಕೂಗಿದೆ. ದುಡಿದು ತಿನ್ನುವವನ ಸೊಕ್ಕು ಅದು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹೆರಿಗೆಗೆ ತವರಿಗೆ ಹೋದಳು. ಹೆಣ್ಣುಮಗು ಹುಟ್ಟಿತು. ಐದು ತಿಂಗಳಾದರೂ ಕಳಿಸುವ ಮಾತೇ ಇಲ್ಲ. ಕೇಳಲು ಹೋದಾಗ ನಮ್ಮತ್ತೆ ಕಾಫಿ ಕೊಟ್ಟು, “ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ. ಮಗೂಗೆ ಉಸಿರಾಟದ್ದು ಸ್ವಲ್ಪ ತೊಂದ್ರೆ ಐತೆ. ಆ ಮನೆಗೆ ಹೆಂಗೆ ಕಳ್ಸೋದು ನೀವೇ ಹೇಳಿ” ಎಂದರು. ಮಂಜುಳಾ ಬಾಗಿಲ ಹಿಂದೆ ನಿಂತಿದ್ದಳು. ಮಗಳು ನನ್ನ ಬೆರಳು ಹಿಡಿದುಕೊಂಡಿದ್ದಳು. ಆ ಪುಟ್ಟ ಕೈಯನ್ನು ಬಿಡಿಸಿಕೊಂಡು ಬಸ್ಸು ಹತ್ತಿದೆ. ದಾರಿಯಲ್ಲೇ ತೀರ್ಮಾನ ಮಾಡಿದೆ, ಕಸುಬು ಬಿಡುವುದೆಂದು.

ತಂದಿದ್ದ ಗೂಡನ್ನು ಮುಗಿಸಿ ನಿಲ್ಲಿಸೋಣವೆಂದು ಮಾರನೇ ದಿನ ಕೊನೆಯ ಬಾಣಲೆ ಹಾಕಿದೆ. ಮಾಡದಲ್ಲಿದ್ದ ಒಂದು ಗೂಡು ಕಣ್ಣಿಗೆ ಬಿತ್ತು. ಕೆಲಸವೇ ನಿಲ್ಲುತ್ತಿರುವಾಗ ಇದೊಂದು ಯಾಕೆ ಎಂದು ಅದನ್ನೂ ತೆಗೆದು ನೀರಿಗೆ ಹಾಕಿದೆ. ಯಾವ ಕೆಲಸವನ್ನೂ ಚೂರು ಉಳಿಸದೆ ಮುಗಿಸುವವನು ಎಂಬ ಜಂಬ ಬೇರೆ.

ಆಮೇಲೆ ಶುರುವಾಯಿತು ನೋಡಿ ನನ್ನ ಪಾಡು. ಚರಕ ಮಾರಿದೆ, ಒಲೆ ಒಡೆದೆ. ಅಪ್ಪನ ಕಾಲದಿಂದ ಬಾಣಲೆಯ ನೀರು ಕುಡಿದಿದ್ದ ನೆಲವನ್ನು ಮೊಣಕಾಲುದ್ದ ಅಗೆದು ಹೊರಗೆ ಹಾಕಿ ಹೊಸ ಮಣ್ಣು ತುಂಬಿದೆ. ಬ್ಲೀಚಿಂಗ್ ಪುಡಿ ಹಾಕಿ ತೊಳೆದೆ, ಸುಣ್ಣ ಬಳಿದೆ, ಬೇವಿನ ಸೊಪ್ಪಿನ ಹೊಗೆ ಹಾಕಿದೆ, ಸಾಂಬ್ರಾಣಿ ಹಾಕಿದೆ. ಮೂಲೆ ಮೂಲೆಗೆ ಇದ್ದಿಲು ಇಟ್ಟೆ. ಫೋನಿನಲ್ಲಿ ಯಾರೋ ಹೇಳಿದರೆಂದು ಬಟ್ಟಲಲ್ಲಿ ಕಾಫಿಪುಡಿಯನ್ನೂ ಇಟ್ಟೆ. ಆದರೆ ವಾಸನೆ ಹೋಯಿತೋ ಇಲ್ಲವೋ ನನಗೆ ತಿಳಿಯುವುದು ಹೇಗೆ? ಕುರುಡ ಸೀರೆಯ ಬಣ್ಣ ಆರಿಸಿದ ಹಾಗೆ. ಬೀದಿ ತುದಿಯಲ್ಲಿ ಟೀ ಅಂಗಡಿ ಇಟ್ಟಿರುವ ಗೆಳೆಯ ಮುನಿರಾಜುವನ್ನು ದಿನವೂ ಎಳೆದು ತರುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು ಮೂಗೆಳೆದು, “ಐತೆ ಗುರು” ಎನ್ನುವನು. ಮೂರನೇ ವಾರ, “ಐತೆ. ಆದ್ರೆ ಈಗ ನಿಂಬೆಹಣ್ಣು ಹಿಂಡ್ಕೊಂಡು ಸ್ನಾನ ಮಾಡ್ಕೊಂಡೈತೆ” ಎಂದ. ಇನ್ನೊಂದು ದಿನ, “ಲೇ, ನನ್ ಮೂಗಿಗೂ ಸಂಬಳ ಹಾಕ್ಕೊಡೋ” ಎಂದು ರೇಗಿಸಿದ. ನನಗೆ ನಗು ಬರುತ್ತಿರಲಿಲ್ಲ. ಬೆವರು ಸುರಿಸಿದರೂ ಆಗದ ಕೆಲಸ ಇದೆ ಎಂದು ಮೊದಲ ಸಲ ಅನ್ನಿಸಿತು.

ಕೊನೆಗೆ ಸೂರಿನ ಶೀಟು, ಮರದ ತೊಲೆ ಎಲ್ಲ ಇಳಿಸಿ ಹೊಸದು ಹಾಕಿಸಿದೆ. ಗೋಡೆಯ ಗಾರೆ ಉದುರಿಸಿ, ದೀಪದ ಮಾಡಕ್ಕೂ ಸಿಮೆಂಟ್ ತುಂಬಿ ಸಮ ಮಾಡಿ ಬಣ್ಣ ಹೊಡೆದೆ. ಮುನಿರಾಜು ಒಳಗೆ ಬಂದು ಎರಡು ಸುತ್ತು ಹಾಕಿದ. “ಇಲ್ಲ ಕಣೋ. ನಮ್ಮಮ್ಮನಾಣೆ ಇಲ್ಲ” ಎಂದ. ಅಷ್ಟರಲ್ಲಿ ಬಾಡಿಗೆಗೆ ಲಗೇಜ್ ಆಟೋ ಓಡಿಸಲು ಶುರು ಮಾಡಿದ್ದೆ. ಅಂದೇ ಅದರಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ ಹೇಳಿ ಬಂದೆ.

ಒಂದು ಭಾನುವಾರ ಬೆಳಿಗ್ಗೆ ಮಂಜುಳಾ, ಅತ್ತೆ, ಮಗು ಬಂದರು. ಮಂಜುಳಾ ಬಟ್ಟೆಯ ಚೀಲವನ್ನು ಕೆಳಗಿಡಲೇ ಇಲ್ಲ. ಹೆಗಲಲ್ಲಿಟ್ಟುಕೊಂಡೇ ನಡುಮನೆ, ಅಡುಗೆಮನೆ ನೋಡಿಕೊಂಡು ಹಿಂದಿನ ಕೋಣೆಗೆ ಹೋದಳು. ನಾನು ಪರೀಕ್ಷೆ ಬರೆದ ಹುಡುಗನ ಹಾಗೆ ನಿಂತಿದ್ದೆ. ತುಂಬ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಬಂದು ಚೀಲವನ್ನು ಮಂಚದ ಮೇಲಿಟ್ಟು, “ಇಲ್ಲ ರೀ” ಎಂದು ನಕ್ಕಳು. ಮಗುವನ್ನು ನನ್ನ ಕೈಗೆ ಕೊಟ್ಟಳು.

ಹನ್ನೊಂದು ಗಂಟೆ ಇರಬೇಕು. ಮೊದಲೆಲ್ಲ ಎರಡನೇ ಬಾಣಲೆ ಇಳಿಸುವ ಹೊತ್ತು. ಮಗುವನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದೆ. ಮೂಗಿಗೆ ಏನೋ ಬಡಿಯಿತು. ಹಸಿಹಸಿಯಾಗಿ, ಎಣ್ಣೆ ಕಮಟಿದ ಹಾಗೆ, ಗಂಟಲಿಗೆ ಅಂಟಿಕೊಳ್ಳುವಂಥದು. ಇಲಿ ಸತ್ತಿದೆಯೇನೋ ಎಂದು ಮೂಲೆಗಳಲ್ಲಿ ಹುಡುಕಿದೆ. ಮುಖಕ್ಕೆ ಬಿಸಿ ಹಬೆ ತಾಗಿದ ಹಾಗಾಯಿತು. ಆಗ ಹೊಳೆಯಿತು. ಹುಟ್ಟಿದಾಗಿನಿಂದ ಒಮ್ಮೆಯೂ ನನಗೆ ಬಾರದ ವಾಸನೆ ಅದು.

ನಡುಮನೆಗೆ ಬಂದು ಮಗುವನ್ನು ಅತ್ತೆಗೆ ಕೊಟ್ಟು, “ಏನಾದ್ರೂ ವಾಸ್ನೆ ಬರ್ತೈತಾ?” ಎಂದೆ.

“ಬಣ್ಣದ್ದು ಒಂಚೂರು. ಯಾಕ್ರೀ?” ಎಂದಳು ಮಂಜುಳಾ. ಅತ್ತೆಯೂ ಏನಿಲ್ಲ ಎಂದರು. ಸುಮ್ಮನಿರಲಾರದೆ ಮುನಿರಾಜುವನ್ನು ಕರೆತಂದೆ. ಅವನು ಮೂಗೆಳೆದು ನನ್ನನ್ನೇ ದಿಟ್ಟಿಸಿದ. “ಏನಿಲ್ಲ. ನಿನ್ ತಲೆಗತ್ತೈತೆ ಅಷ್ಟೆ. ಹೋಗಿ ಹೆಂಡ್ತಿ ಮಕ್ಳ ಜೊತೆ ಕೂತ್ಕೋ” ಎಂದು ಹೋದ.

ಒಬ್ಬನೇ ಹಿಂದಿನ ಕೋಣೆಗೆ ವಾಪಸು ಹೋದೆ. ಮಾಡ ಮುಚ್ಚಿದ್ದ ಜಾಗದಲ್ಲಿ ವಾಸನೆ ಉಸಿರುಗಟ್ಟುವಷ್ಟಿತ್ತು. ಅಲ್ಲಿ ಗೋಡೆಗೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಒಲೆಯ ಹಿಂದಿನ ಗೋಡೆಯ ಹಾಗೆ. ಒಲೆ ಒಡೆದು ಎರಡು ತಿಂಗಳಾಗಿತ್ತು. ಆ ಕಡೆಗೆ ಬಿಸಿಲೂ ಬೀಳುವುದಿಲ್ಲ. ಕೈ ತೆಗೆದು ನೋಡಿಕೊಂಡರೆ ಐದೂ ಬೆರಳಿನ ತುದಿ ಬೆಳ್ಳಗಾಗಿ, ಮೆತ್ತಗಾಗಿ, ಸುಕ್ಕುಗಟ್ಟಿದ್ದವು. ದಿನವೆಲ್ಲ ಬಾಣಲೆಯ ಮುಂದೆ ಕುಳಿತರೆ ಆಗುತ್ತಿತ್ತಲ್ಲ, ಹಾಗೆ. ಬೆಳಿಗ್ಗೆ ಸ್ನಾನ ಮಾಡಿದ ಮೇಲೆ ನಾನು ನೀರು ಮುಟ್ಟಿರಲಿಲ್ಲ.

ಭ್ರಮೆ ಇರಬೇಕು ಎಂದುಕೊಂಡೇ ಹೊರಗೆ ಬಂದೆ. ಮಂಜುಳಾ ನನ್ನ ಕೈ ನೋಡಿ, “ಇದೇನ್ರೀ, ನಾವು ಬಂದ ದಿನಾನೇ ಬಟ್ಟೆ ಒಗೆಯೋಕೆ ಕೂತ್ಕೊಂಡ್ರಾ?” ಎಂದು ಹಾಸ್ಯ ಮಾಡಿದಳು. ಅಂದರೆ ಅವಳಿಗೂ ಕಂಡಿತು. ನಾನು ಹಿತ್ತಲಿಗೆ ಓಡಿ ಹರಳು ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಎರಡು ವರ್ಷ ಅವಳು ಏನನ್ನು ನುಂಗಿಕೊಂಡು ಅನ್ನ ತಿಂದಳು ಎಂಬುದು ಅಲ್ಲಿ ಬಗ್ಗಿ ನಿಂತಾಗ ಗೊತ್ತಾಯಿತು. ಸಂಜೆ ಹೊತ್ತಿಗೆ ವಾಸನೆ ಹೋಗಿತ್ತು, ಬೆರಳೂ ಸರಿಯಾಗಿದ್ದವು.

ಇದಾಗಿ ನಾಲ್ಕು ವರ್ಷ. ಈಗಲೂ ಕೆಲವು ದಿನ ಹನ್ನೊಂದರ ಹೊತ್ತಿಗೆ ಅದು ಬರುತ್ತದೆ. ಬೆರಳು ಮಾತ್ರ ಮತ್ತೆ ಹಾಗಾಗಿಲ್ಲ. ಮೂಗಿನ ಡಾಕ್ಟರು ನೋಡಿ ಏನೂ ತೊಂದರೆ ಇಲ್ಲವೆಂದು ಮಾತ್ರೆ ಕೊಟ್ಟರು. ಕುಂದಾಣದ ಕಡೆ ಶಾಸ್ತ್ರ ಹೇಳುವ ಒಬ್ಬರು ಶಾಂತಿ ಮಾಡಿಸು ಎಂದರು, ಮನಸ್ಸು ಒಪ್ಪಲಿಲ್ಲ. ಒಂದು ದಿನ ಉಳಿ ತಗೊಂಡು ಮಾಡದ ಸಿಮೆಂಟ್ ಒಡೆದೆ. ಗೋಡೆಗೆ ಗಾಳಿ ಬೇಕು ಎಂದು ಮಂಜುಳಾಗೆ ಸುಳ್ಳು ಹೇಳಿದೆ. ಪಕ್ಕದ ಬೀದಿಯಲ್ಲಿ ನೂಲು ತೆಗೆಯುವವರ ಹತ್ತಿರ ಒಂದೇ ಒಂದು ಹಸಿ ಗೂಡು ಕೇಳಿ ತಂದು ಅಲ್ಲಿಟ್ಟೆ. ನಾಲ್ಕನೇ ದಿನ ಚಿಟ್ಟೆ ಬಂತು. ಅವ್ವನ ಹಾಗೇ ಎಲೆಯ ಮೇಲೆ ಎತ್ತಿ ಬೇಲಿಗೆ ಬಿಟ್ಟೆ. ತಿರುಗಿ ಒಳಗೆ ಬಂದರೆ ಅದೇ ವಾಸನೆ. ಆದ್ದರಿಂದ ಕೊನೆಯ ದಿನ ನಾನು ಬೇಯಿಸಿದ ಆ ಮಾಡದ ಗೂಡಿಗೂ ಇದಕ್ಕೂ ಗಂಟು ಹಾಕಲೂ ನನಗೆ ಆಗದು, ಬಿಚ್ಚಲೂ ಆಗದು.

ಮಗಳು ಈಗ ಅದೇ ಕೋಣೆಯಲ್ಲಿ ಕುಳಿತು ಗೋಡೆಯ ಮೇಲೆಲ್ಲ ಗೀಚುತ್ತಾಳೆ. ಅವಳ ಉಸಿರಾಟಕ್ಕೆ ಏನೂ ಆಗಿಲ್ಲ. ಮನೆಯಲ್ಲಿರುವ ದಿನ ಹನ್ನೊಂದಾಗುತ್ತಲೇ ನಾನು ಆಟೋ ಒರೆಸುವ ನೆಪದಲ್ಲಿ ಬೀದಿಗೆ ಹೋಗುತ್ತೇನೆ. “ಒರೆಸಿದ್ದನ್ನೇ ಎಷ್ಟ್ ಸಲ ಒರೆಸ್ತೀರಾ?” ಎನ್ನುತ್ತಾಳೆ ಮಂಜುಳಾ. ವಾಸನೆ ಬರುತ್ತದೆ ಎಂದು ನಾನು ಬಾಯಿ ಬಿಟ್ಟರೆ ಅವಳು ಮತ್ತೆ ಚೀಲ ಎತ್ತಿಕೊಳ್ಳುವಳೋ ಎಂದು ಇಷ್ಟು ವರ್ಷ ಹೇಳಿಲ್ಲ.

ಇದು ಅಚ್ಚಾದರೆ ಅವಳೂ ಓದುತ್ತಾಳೆ. ಓದಿದ ಮೇಲೆ ಎದ್ದು ಹಿಂದಿನ ಕೋಣೆಗೆ ಹೋಗಿ ಒಮ್ಮೆ ಮೂಗೆಳೆದು ನೋಡದೆ ಇರುವುದಿಲ್ಲ. ಬರುತ್ತದೆ ಎಂದರೂ ನನಗೆ ಭಯ, ಬರುವುದಿಲ್ಲ ಎಂದರೂ ಭಯ.