ಹಿತ್ತಾಳೆ ಡಬ್ಬಿಯಲ್ಲಿ ಹುಣಸೆ ತೊಕ್ಕು

ನಮ್ಮ ಓಣಿಯ ಆ ಅಂಗಡಿಗೆ ಬಾಗಿಲು ಇತ್ತೋ, ಬರೀ ಗೋಣಿತಟ್ಟಿನ ಪರದೆ ಇತ್ತೋ, ಈಗ ನೆನಪಾಗುವುದಿಲ್ಲ. ಒಳಗೆ ಹೋಗುತ್ತಿದ್ದುದು ಮಾತ್ರ ನೆನಪಿದೆ. ಕಲಬುರಗಿಯ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಸ್ವಲ್ಪ ಹೊತ್ತು ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಮೂಗಿಗೆ ಎಲ್ಲ ತಿಳಿಯುತ್ತಿತ್ತು. ಬಲಕ್ಕೆ ಹೊಸ ಬೆಲ್ಲ. ಎಡಕ್ಕೆ ಹುರಿದ ಶೇಂಗಾ, ಅದರಾಚೆ ಚಟ್ನಿಪುಡಿಗಳು, ಗುರೆಳ್ಳಿನ ಹಿಂಡಿ, ಅಗಸಿ ಹಿಂಡಿ. ತಲೆಯ ಮೇಲೆ ತೊಲೆಗೆ ಕಟ್ಟಿದ ಕಮಲಾಪುರದ ಕೆಂಪು ಬಾಳೆಗೊನೆ. ಆಮೇಲೆ ಮೆಲ್ಲಗೆ ಕತ್ತಲು ತಿಳಿಯಾಗಿ, ಅದರ ನಡುವೆ ಆಯಿ ಕಾಣಿಸುತ್ತಿದ್ದಳು. ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತ ಕೂತವಳ ಹಾಗೆ.

ಅಂಗಡಿ ಅವಳದು. ಓಣಿಯವರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಿದ್ದೆವು. ಸ್ಟೇಶನ್ ಬಜಾರದ ಅಂಗಡಿಗಳಲ್ಲಿ ರೈಲಿನ ಮೇಲೆ ಮುಂಬಯಿಯಿಂದ ಬಂದ ಬಿಸ್ಕೀಟು, ಸಾಬೂನು, ಕಂದೀಲು ಸಿಗುತ್ತಿದ್ದವು. ಆಯಿಯ ಹತ್ತಿರ ಅದಾವುದೂ ಇಲ್ಲ. ಒಂದು ದಿನದ ಬಂಡಿ ದಾರಿಯೊಳಗೆ ಬೆಳೆದದ್ದು, ಕುಟ್ಟಿದ್ದು, ಕಾಯಿಸಿದ್ದು ಇಷ್ಟೇ. ಯಾವ ತುಪ್ಪ ಯಾವ ಊರಿನ ಎಮ್ಮೆಯದು, ಯಾವ ಬೆಲ್ಲ ಯಾವ ಗಾಣದ್ದು ಎಂದು ಹೇಳಿಯೇ ಕೊಡುತ್ತಿದ್ದಳು. ಕೇಳಿದವರ ಅಂಗೈ ಮೇಲೆ ಒಂದು ಚಿಟಿಕೆ ಇಟ್ಟು, ಅವರು ಕಣ್ಣು ಮುಚ್ಚಿ ಚಪ್ಪರಿಸುವುದನ್ನು ನೋಡುವಳು. ನಾನು ಕಣ್ಣು ಮುಚ್ಚಿದರೆ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು.

“ತಮ್ಮಾ, ಅಲ್ಲೇ ಮಲಗೀ ಏನು? ಹಾಸಿಗಿ ಹಾಸಲೇನು?” ಎಂದು ಆಯಿ ನಗುತ್ತಿದ್ದಳು.

ಅಂಗಡಿಯ ಹಿಂಬದಿಯಲ್ಲಿ, ಗೋಡೆಯೊಳಗಿನ ಗೂಡಿನಲ್ಲಿ, ಮೂರು ವರ್ಷದ ಹುಣಸೆ ತೊಕ್ಕಿನ ಭರಣಿ ಇತ್ತು. ಬೀಜ ಗಟ್ಟಿಯಾಗುವ ಮೊದಲು ಹುಣಸೆಕಾಯಿ ಕಿತ್ತು, ಉಪ್ಪು ಅರಿಶಿನ ಹಾಕಿ ಕುಟ್ಟಿ, ಬಾಯಿ ಕಟ್ಟಿ ಇಟ್ಟದ್ದು. ವರ್ಷ ಕಳೆದಂತೆ ಅದು ಹೊಲದ ಮಣ್ಣಿನಷ್ಟು ಕಪ್ಪಾಗಿತ್ತು. ಆ ಭರಣಿಯಿಂದ ತೊಕ್ಕನ್ನು ಆಯಿ ಸ್ನಾನ ಮಾಡಿದ ಮೇಲೆ, ಯಾರ ಜೊತೆಗೂ ಮಾತಾಡುವ ಮೊದಲು, ಒಣಗಿದ ಕಟ್ಟಿಗೆ ಸೌಟಿನಿಂದಲೇ ತೆಗೆಯುತ್ತಿದ್ದಳು. ಟಾಂಗಾ ಹೊಡೆಯುವ ಸಾಬರೊಬ್ಬರು ದಿನಾ ಬಂದು ಕೇಳುವರು, “ಕ್ಯಾ ಆಯಿ, ಆಜ್ ಭರ್ಣೀ ಖುಲೀ ನೈ ಕ್ಯಾ?”

“ನಿಮ್ಮ ಕುದರಿ ಸ್ನಾನ ಮಾಡಿ ಬರಲಿ, ತೆರೀತೀನಿ,” ಎನ್ನುವಳು ಆಯಿ. ಅವರಿಗೆ ಕನ್ನಡ, ಇವಳಿಗೆ ಉರ್ದು ಚೆನ್ನಾಗಿ ತಿಳಿಯುತ್ತಿತ್ತು. ಆದರೂ ತಮ್ಮ ತಮ್ಮ ಮಾತನ್ನು ಇಬ್ಬರೂ ಬಿಡಲಿಲ್ಲ.

ತೊಕ್ಕು ಬೇಕೆಂದವರು ಪಿಂಗಾಣಿಯದೋ ಕಲ್ಲಿನದೋ ಪಾತ್ರೆ ತರಬೇಕು. ಹಿತ್ತಾಳೆ ತಂದವರನ್ನು ಆಯಿ ಹಾಗೇ ವಾಪಸು ಕಳಿಸುತ್ತಿದ್ದಳು. ಹುಳಿ ತಾಗಿದರೆ ಹಿತ್ತಾಳೆ ಕಿಲುಬುತ್ತದೆ, ಒಳಗಿನ ಕಲಾಯಿ ಗಟ್ಟಿ ಇದ್ದರೂ ಅವಳು ಒಪ್ಪುತ್ತಿರಲಿಲ್ಲ. ಇದು ಓಣಿಯ ಮಕ್ಕಳಿಗೂ ಗೊತ್ತಿದ್ದ ಮಾತು. ನನಗೆ ಗೊತ್ತಿರಲಿಲ್ಲ ಎಂದು ಮುಂದೆ ಎಲ್ಲೂ ಹೇಳಲಾರೆ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಮನೆಯಲ್ಲಿ ನಾನು, ಅವ್ವ, ತಂಗಿ. ಅಪ್ಪ ಬೇಗ ತೀರಿಹೋಗಿದ್ದ. ನಾನು ಮಠದ ಪಡಸಾಲೆಯಲ್ಲಿ ಎರಡು ವರ್ಷ ಅಕ್ಷರ ತಿದ್ದಿದವನು. ನಿಜಾಮರ ಸರಕಾರದ ಶಾಲೆಗೆ ಉರ್ದು ಕಲಿಯಲು ಹಾಕಿದರು, ಆರು ತಿಂಗಳಿಗೆ ಬಿಟ್ಟೆ. ಆಮೇಲೆ ತೊಗರಿ ಅಡತಿ ಅಂಗಡಿಯಲ್ಲಿ ಚೀಲ ಎತ್ತಿಡುವ ಕೆಲಸ. ತಂಗಿಯನ್ನು ಕಮಲಾಪುರಕ್ಕೆ ಕೊಟ್ಟೆವು. ದೊಡ್ಡ ಮನೆ, ಬಾಳೆತೋಟದವರು. ಅವರ ತೋಟದ ಗೊನೆಗಳೇ ಬಂಡಿಯಲ್ಲಿ ಆಯಿಯ ಅಂಗಡಿಗೆ ಬರುತ್ತಿದ್ದವು. ತಂಗಿಯ ಸುದ್ದಿಯೂ ಅದೇ ಬಂಡಿಯಲ್ಲಿ ಬರುತ್ತಿತ್ತು.

ಒಂದು ದಿನ ಬಂಡಿಯವನು ಗೊನೆ ಇಳಿಸುತ್ತ ಅಂದ, “ನಿಮ್ಮ ತಂಗಿಗಿ ಐದನೇ ತಿಂಗಳ ನಡದದರಿ. ಬಾಯಿಗಿ ಏನೂ ಸೇರವಲ್ದು. ಆಯಿ ಅಂಗಡಿ ಹಳೇ ತೊಕ್ಕು ಬೇಕು ಅಂತ ಹೇಳ್ಯಾಳ.”

ಆ ದಿನ ಅವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸುರಿ ಮಗಳು ಬಯಸಿದ್ದನ್ನು ತವರಿನವರು ಹೊತ್ತು ಹೋಗುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಬೀಗರ ಮನೆಯಲ್ಲಿ ಆ ಬುತ್ತಿಯನ್ನು ನೋಡಿ ತವರನ್ನು ತೂಗುತ್ತಾರೆ. ಅದಕ್ಕೂ ಹೆಚ್ಚಿನ ಮಾತು ಇನ್ನೊಂದಿತ್ತು. ತಂಗಿಯ ಅತ್ತೆ ತನ್ನ ಸ್ವಂತ ಮಗಳನ್ನು ಬಾಣಂತನದಲ್ಲಿ ಕಳೆದುಕೊಂಡವಳು. ಚೊಚ್ಚಲಿಗೆ ಸೊಸೆಯನ್ನು ತವರಿಗೆ ಕಳಿಸುತ್ತೇನೆ ಎಂದೂ ಅಂದಿರಲಿಲ್ಲ, ಇಲ್ಲ ಎಂದೂ ಅಂದಿರಲಿಲ್ಲ. ತಂಗಿಗೆ ಅವ್ವನ ಹತ್ತಿರವೇ ಹೆರಬೇಕೆಂಬ ಆಸೆ. ಅವ್ವನೂ ಆಗಲೇ ಆಯಿಯ ಅಂಗಡಿಯಿಂದ ವಾರಕ್ಕೊಂದರಂತೆ ಅಳವಿ, ಅಂಟು, ಖಾರೀಕು, ಒಣ ಶುಂಠಿ ತಂದು ಬಾಣಂತಿ ಗಂಟು ಕಟ್ಟಲು ಶುರು ಮಾಡಿದ್ದಳು. ಒಳಗಿನ ಸಣ್ಣ ಕೋಣೆಗೆ ಹೊಸದಾಗಿ ಸುಣ್ಣ ಬಳಿದಿದ್ದಳು.

ಆಯಿ ತೊಕ್ಕು ತೆಗೆದದ್ದು ಮುಂಜಾನೆ. ಅವ್ವ ಕೊಟ್ಟ ಸಣ್ಣ ಪಿಂಗಾಣಿ ಭರಣಿಯ ಕಂಠ ಒಂದು ಕಡೆ ಒಡೆದಿತ್ತು. ಆಯಿ ಅದನ್ನು ಮೂಸಿ, ಬಟ್ಟೆಯಿಂದ ಒರೆಸಿ, ತುಂಬಿ, ಹಳೆ ಸೀರೆಯ ತುಂಡಿನಿಂದ ಬಾಯಿ ಕಟ್ಟಿದಳು. ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ ಅಂದಳು, “ನಡುವ ತೆರೀಬ್ಯಾಡ. ಅಕಿ ಬೆರಳ ಮೊದಲು ಬೀಳಬೇಕು.”

ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಮಾಡಿ ನಮ್ಮ ಮನೆಯ ಒಂದೇ ಒಂದು ದೊಡ್ಡ ಹಿತ್ತಾಳೆ ಡಬ್ಬಿಯಲ್ಲಿ ತುಂಬಿದಳು. ಅದರ ಒಳಗಿನ ಕಲಾಯಿ ಹೋಗಿತ್ತು. ಕಲಾಯಿ ಮಾಡುವವನು ಎರಡು ತಿಂಗಳಿಂದ ಓಣಿಗೆ ಬಂದಿರಲಿಲ್ಲ. “ಒಣ ಉಂಡಿಗಿ ನಡೀತದ,” ಎಂದಳು. ಬುಟ್ಟಿಯಲ್ಲಿ ಡಬ್ಬಿ ಒಂದು ಮೂಲೆಗೆ, ಭರಣಿ ಒಂದು ಮೂಲೆಗೆ ಇಟ್ಟು, ನಡುವೆ ಹುಲ್ಲು ತುರುಕಿದಳು.

ಗೊನೆ ಇಳಿಸಿ ಖಾಲಿ ಹೊರಟ ಅದೇ ಬಂಡಿಯಲ್ಲಿ ಮರುದಿನ ಕೋಳಿ ಕೂಗುವಾಗ ಹೊರಟೆವು. ಆ ದಾರಿ ಈಗಲೂ ನನ್ನ ನಿದ್ದೆಯಲ್ಲಿ ಬರುತ್ತದೆ. ಎತ್ತಿನ ಗೆಜ್ಜೆ, ಒದ್ದೆ ಹುಲ್ಲಿನ ವಾಸನೆ, ಎರಡೂ ಕಡೆ ತೊಗರಿ ಹೊಲ. ಕೋಟೆಯ ಗೋಡೆ ಹಿಂದೆ ಮಂಜಿನಲ್ಲಿ ಕರಗಿತು. ಹೊತ್ತೇರಿದಂತೆ ಕಪ್ಪು ಮಣ್ಣು ಎಲ್ಲೋ ಮುಗಿದು ಕೆಂಪು ಮಣ್ಣು ಶುರುವಾಗುತ್ತದೆ. ಎಲ್ಲಿ ಎಂದು ಪ್ರತಿ ಸಲ ನೋಡಬೇಕೆಂದುಕೊಂಡರೂ ಆ ಹೊತ್ತಿಗೆ ನನ್ನ ಕಣ್ಣು ಮುಚ್ಚಿರುತ್ತಿತ್ತು. ಬಂಡಿಯಲ್ಲಿ ಮಲಗಿ ನಾನು ಬೀಗರ ಅಂಗಳಕ್ಕೆ ಕಾಲಿಡುವುದನ್ನೇ ಕಾಣುತ್ತಿದ್ದೆ. ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಕೂತಿದ್ದಾರೆ. ಬುಟ್ಟಿ ಇಳಿಸುತ್ತೇನೆ. ಅದರಿಂದ ಮೊದಲು ಏನು ತೆಗೆಯುತ್ತೇನೆ? ಕಂಠ ಒಡೆದ, ಹಳೆ ಸೀರೆ ಕಟ್ಟಿದ ಭರಣಿ.

ಮಹಾಗಾಂವ ದಾಟಿ ಒಂದು ಬಾವಿಯ ಹತ್ತಿರ ಎತ್ತು ಬಿಚ್ಚಿದೆವು. ಮರದ ನೆರಳು ನೀರಿನ ಮೇಲೆ ಅಲ್ಲಾಡುತ್ತಿತ್ತು. ನಾನು ಉಂಡಿಗಳನ್ನು ಧೋತರದ ತುಂಡಿನಲ್ಲಿ ಕಟ್ಟಿದೆ. ಡಬ್ಬಿಯ ಹೊರಮೈಯನ್ನು ಬೂದಿ ಹಚ್ಚಿ ಥಳಥಳ ಅನ್ನುವ ಹಾಗೆ ತಿಕ್ಕಿ, ಒಣಗಿಸಿ, ಅದರೊಳಗೆ ತೊಕ್ಕು ಸುರಿದೆ.

ಬಂಡಿಯವನು ಬೀಡಿ ಸೇದುತ್ತ ನೋಡುತ್ತಿದ್ದ. “ಹಿತ್ತಾಳ್ಯಾಗ ಹುಳಿ ಹಾಕಾಕತ್ತೀರಲ್ರಿ?”

“ಒಂದು ಹೊತ್ತಿಗಿ ಏನಾಗ್ತದ?”

“ನನಗೇನ್ರಿ, ನಾ ಬಾಳಿ ಹೊರಾವ,” ಎಂದು ಆಚೆ ತಿರುಗಿದ.

ಭರಣಿಯನ್ನು ತೊಳೆದು ಬಂಡಿಯ ಹುಲ್ಲಿನಲ್ಲಿ ಹುಗಿದಿಟ್ಟೆ.

ಕಮಲಾಪುರ ಮುಟ್ಟಿದಾಗ ಹೊತ್ತು ಮುಳುಗಿತ್ತು. ಬಯಕೆಯ ಬುತ್ತಿಯನ್ನು ಹೊತ್ತು ಮುಳುಗಿದ ಮೇಲೆ ಬಿಚ್ಚುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಡಬ್ಬಿಯನ್ನೂ ಉಂಡಿಯ ಗಂಟನ್ನೂ ದೇವರ ಕೋಣೆಯಲ್ಲಿ ಇಟ್ಟರು. ತಂಗಿ ನನಗೆ ನೀರು ಕೊಟ್ಟು, ಪಿಸುಮಾತಿನಲ್ಲಿ, “ತಂದಿಯೇನು?” ಎಂದು ಕೇಳಿದಳು. ತಂದೀನಿ ಎಂದೆ. ಅವಳು ಉಗುಳು ನುಂಗಿದ್ದು ನನಗೆ ಕೇಳಿಸಿತು. ಆ ರಾತ್ರಿ ನಾನು ಗಾಢವಾಗಿ ನಿದ್ದೆ ಮಾಡಿದೆ.

ಮುಂಜಾನೆ ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕರೆದು, ತಂಗಿಯನ್ನು ಮಣೆಯ ಮೇಲೆ ಕೂರಿಸಿ, ಅವಳ ಅತ್ತೆ ಡಬ್ಬಿ ತೆರೆದಳು. ಅಂಚಿನ ಸುತ್ತ ಹಸಿರು ಗೆರೆ. ಗಿಳಿಯ ರೆಕ್ಕೆಯ ಹಸಿರು. ಅಷ್ಟರಲ್ಲಿ ತಂಗಿಯ ಬೆರಳು ನಡುವೆ ಮುಳುಗಿ ಬಾಯಿಗೆ ಹೋಗಿತ್ತು. ಅವಳು ಮುಖ ಕಿವುಚಿ, ಎದ್ದು ಓಡಿ, ಅಂಗಳದಲ್ಲಿ ಉಗುಳಿದಳು.

“ಕಿಲುಬು!” ಎಂದಳು ಅತ್ತೆ. ದನಿ ಏರಿಸಲಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ಅಂಚು ನೋಡಿದಳು. “ಬಸುರಿ ಬಾಯಿಗಿ ಕಿಲುಬು. ತಮ್ಮಾ, ಇದನ್ನ ಯಾರು ತುಂಬ್ಯಾರ?”

ತಂಗಿ ಬಾಯಿ ಒರೆಸಿಕೊಳ್ಳುತ್ತ ಬಂದು ಕಂಬದ ಹತ್ತಿರ ನಿಂತಳು. ಅವಳಿಗೆ ಆ ಡಬ್ಬಿ ಗೊತ್ತು. ಅವ್ವನ ಕೈಯೂ ಗೊತ್ತು. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

‘ನಾನು’ ಎನ್ನುವುದು ಒಂದೇ ಶಬ್ದ. ಅದು ಬರಲಿಲ್ಲ. ಕಟ್ಟೆಯ ಮೇಲಿನ ನಾಲ್ಕು ಹೆಣ್ಣುಮಕ್ಕಳು ನನ್ನನ್ನು ನೋಡುತ್ತಿದ್ದರು.

“ಅವ್ವ ತುಂಬಿ ಕೊಟ್ಟಾಳ್ರಿ,” ಎಂದೆ.

ತಂಗಿ ತಲೆ ಕೆಳಗೆ ಹಾಕಿದಳು. ಅತ್ತೆ ಡಬ್ಬಿಯನ್ನು ತಿಪ್ಪೆಗೆ ಒಯ್ದು ಬರಿದು ಮಾಡಿ, ತಾನೇ ತೊಳೆದು ತಂದು ನನ್ನ ಮುಂದೆ ಇಟ್ಟಳು. “ಕಳಿಸಬೇಕು ಅಂತ ಮನಸ ಮಾಡಿದ್ದೆ. ಡಬ್ಬಿ ಕಲಾಯಿ ನೋಡಲಾರದಾಕಿ ಕೈಯಾಗ ಬಾಣಂತಿ ಹ್ಯಾಂಗ ಇಡಲಿ? ಹೆರಿಗಿ ಇಲ್ಲೇ ಆಗಲಿ.”

ಬೀಗರ ಪಾತ್ರೆಯನ್ನು ಯಾರೂ ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದವರು ಹಿಡಿ ಜೋಳವನ್ನಾದರೂ ಹಾಕುತ್ತಾರೆ. ಬಾಳೆತೋಟದವರ ಮನೆಯಿಂದ ನಾನು ಖಾಲಿ ಡಬ್ಬಿ, ಹುಲ್ಲಿನಲ್ಲಿ ಹುಗಿದಿಟ್ಟಿದ್ದ ಖಾಲಿ ಭರಣಿ ಹಿಡಿದು ಬಂದೆ. ಅವ್ವ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದಳು, ಮತ್ತೆ ಮುಚ್ಚಿದಳು, ಮತ್ತೆ ತೆಗೆದಳು.

“ಏನೂ ಹಾಕಿಲ್ಲೇನು?”

“ಬಾಳೆಹಣ್ಣು ಕೊಟ್ಟಿದ್ರು, ದಾರ್ಯಾಗ ಬಂಡ್ಯಾವಗ ಕೊಟ್ಟೆ.”

“ತೊಕ್ಕು ತಿಂದ್ಳೇನು?”

“ತಿಂದ್ಳು.”

“ಕಳಿಸ್ತಾರಂತೇನು?”

“ಚೊಚ್ಚಲು ಗಂಡನ ಮನ್ಯಾಗನೇ ಮಾಡೂದು ಅವರ ಪದ್ಧತಿ ಅಂತ.”

ಮರುದಿನ ಆಯಿಯೂ ಕೇಳಿದಳು. “ಅಕಿ ಕಣ್ಣ ಮುಚ್ಚಿದ್ಳೇನು, ನಿನ್ನಂಗ?” ಮುಚ್ಚಿದಳು ಎಂದೆ. ಆಯಿ ಖುಷಿಪಟ್ಟು ನನ್ನ ಅಂಗೈ ಮೇಲೆ ಒಂದು ತುಂಡು ಬೆಲ್ಲ ಇಟ್ಟಳು. ಆಮೇಲೆ ನಾನು ಆ ಅಂಗಡಿಗೆ ಹೋಗುವುದು ಕಡಿಮೆ ಮಾಡಿದೆ. ಬೆಲ್ಲದ ವಾಸನೆ ಓಣಿಯ ತಿರುವಿನಲ್ಲಿ ಬಂದರೆ ಆಚೆಯ ದಾರಿ ಹಿಡಿಯುತ್ತಿದ್ದೆ.

ಕೂಸು ಹುಟ್ಟಿತು, ಹೆಣ್ಣು. ಅವ್ವ ಬಾಣಂತಿ ಗಂಟು ಹೊತ್ತು ತೊಟ್ಟಿಲ ಕಾರ್ಯಕ್ಕೆ ಕಮಲಾಪುರಕ್ಕೆ ಹೋದಳು. ನಾನೇ ಕರೆದೊಯ್ದೆ. ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯಬೇಕೆಂದು ಸೆರಗು ಸಿಕ್ಕಿಸಿ ಎದ್ದಳು. “ನೀವು ಕೂಡ್ರಿ, ನಾವು ಮಾಡ್ತೀವಿ,” ಎಂದಳು ಬೀಗತಿ. ಮರ್ಯಾದೆಯಿಂದಲೇ ಹೇಳಿದಳು. ಅಡಿಗೆಮನೆಗೆ ಹೋಗಲು ಹೊರಟಾಗಲೂ ಅದೇ ಮಾತು. ಅವ್ವ ಮೂರು ದಿನ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಗಂಟು ಅವಳ ಪಕ್ಕದಲ್ಲೇ, ಕಟ್ಟಿದ ಹಾಗೇ ಇತ್ತು. ಒಳಗಿನಿಂದ ಕೂಸಿನ ಅಳು, ಸೀಗೆಯ ವಾಸನೆ, ಬಿಸಿನೀರಿನ ಉಗಿ ಬರುತ್ತಿದ್ದವು. ಅವ್ವ ಅತ್ತ ಮುಖ ಮಾಡಿ, ಕನಸು ಕಾಣುವವಳ ಹಾಗೆ, ತನ್ನ ಎರಡೂ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು.

ಬರುವಾಗ ಬಂಡಿಯಲ್ಲಿ ಕೇಳಿದಳು, “ನಾ ಏನ ಕಡಿಮಿ ಮಾಡಿದ್ದೆ?”

ಗೊತ್ತಿಲ್ಲ ಎಂದೆ.

ತಂಗಿಗೆ ಮೂರು ಹೆರಿಗೆಯಾದವು. ಮೂರೂ ಅಲ್ಲೇ. ಸುಣ್ಣ ಬಳಿದ ಕೋಣೆಯಲ್ಲಿ ಆಮೇಲೆ ಜೋಳದ ಚೀಲ ಇಟ್ಟೆವು. ಅವ್ವ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ, ಆದರೆ ಯಾವ ಮನೆಗೆ ಏನು ಕಳಿಸುವಾಗಲೂ ಪಾತ್ರೆಯನ್ನು ಮೂರು ಸಲ ನೋಡುವ ರೂಢಿ ಅವಳಿಗೆ ಹತ್ತಿತು. ಅವಳು ಸಾಯುವ ಮುಂಚೆ ಎರಡು ತಿಂಗಳು ಹಾಸಿಗೆ ಹಿಡಿದಿದ್ದಳು. ನಾನು ದಿನಾ ಪಕ್ಕದಲ್ಲಿ ಕೂರುತ್ತಿದ್ದೆ. ಇವತ್ತು ಹೇಳಬೇಕು ಎಂದು ಕೂರುತ್ತಿದ್ದೆ. ಗಂಜಿ ಕುಡಿಸಿ, ಬಾಯಿ ಒರೆಸಿ, ಏಳುತ್ತಿದ್ದೆ.

ಅವ್ವನ ದಿನಕರ್ಮ ಮುಗಿದು ಕೆಲವು ತಿಂಗಳಿಗೆ ಒಬ್ಬನೇ ಕಮಲಾಪುರಕ್ಕೆ ಹೋದೆ. ತಂಗಿ ಹಿತ್ತಲಿನಲ್ಲಿ, ಬಾಳೆಯ ನೆರಳಿನಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. ಅವಳ ಅತ್ತೆ ಆಗಲೇ ತೀರಿಹೋಗಿದ್ದಳು. ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತೆ.

“ಆವತ್ತಿನ ತೊಕ್ಕು ಅವ್ವ ತುಂಬಿರಲಿಲ್ಲ,” ಎಂದೆ. “ಅಕಿ ಭರಣ್ಯಾಗ ಕೊಟ್ಟಿದ್ಳು. ದಾರ್ಯಾಗ ಡಬ್ಬಿಗಿ ಹಾಕಿದಾವ ನಾ.”

“ಗೊತ್ತದ, ಅಣ್ಣಾ.” ಕಲ್ಲು ಆರಿಸುವ ಬೆರಳು ನಿಲ್ಲಲಿಲ್ಲ. “ನೋಡಿದ ಕೂಡಲೇ ಗೊತ್ತಾಯ್ತು. ಅವ್ವ ಹಿತ್ತಾಳ್ಯಾಗ ಹುಳಿ ಇಡಾಕಿ ಅಲ್ಲ.”

“ಮತ್ತ ನೀನಾದ್ರೂ ಯಾಕ ಹೇಳಲಿಲ್ಲ?”

“ನೀ ಹೇಳ್ತಿ ಅಂತ ನಿಂತಿದ್ದೆ. ನಾ ಹೇಳಿದ್ರ ನಾಕು ಮಂದ್ಯಾಗ ಅಣ್ಣನ್ನ ಸುಳ್ಳ ಮಾಡಿದಂಗ ಆಗ್ತಿತ್ತು. ಆಮ್ಯಾಲ ಅತ್ತಿ ಮುಂದ ಹೇಳಿದ್ರೂ ತವರಿಗಿ ಹೋಗಾಕ ನೆವ ತೆಗೀತಾಳ ಅಂತಿದ್ಳು.” ಒಂದು ಕಲ್ಲನ್ನು ಆಚೆ ಎಸೆದು ಕೇಳಿದಳು, “ಅವ್ವಗ ಯಾವಾಗ ಹೇಳಿದಿ?”

ನಾನು ಮೊರದ ಕಡೆ ನೋಡಿದೆ.

“ಹೇಳಿಲ್ಲೇನು?”

“ಇಲ್ಲ.”

ಅವಳ ಬೆರಳು ಆಗ ನಿಂತಿತು. ಮೇಲೆ ಎಲೆಗಳು ಗಾಳಿಗೆ ಒಂದಕ್ಕೊಂದು ತಾಗಿ ಹರಿದ ಬಟ್ಟೆಯಂತೆ ಸದ್ದು ಮಾಡುತ್ತಿದ್ದವು. ಇಷ್ಟು ವರ್ಷ ಅವಳು ಒಂದನ್ನು ನಂಬಿಕೊಂಡಿದ್ದಳು ಎಂದು ನನಗೆ ಅಷ್ಟರಲ್ಲಿ ತಿಳಿಯಿತು. ನಾನು ಎಂದೋ ಒಂದು ದಿನ ಅವ್ವನಿಗೆ ಹೇಳಿರುತ್ತೇನೆ, ಅವ್ವ ಬೈದು, ಅತ್ತು, ಹಗುರಾಗಿರುತ್ತಾಳೆ ಎಂದು.

“ಹಂಗಾದ್ರ ಈಗ ನನಗ ಯಾಕ ಹೇಳ್ತಿ?” ಎಂದಳು.

ಸಿಟ್ಟಿನಿಂದ ಕೇಳಲಿಲ್ಲ. ಉತ್ತರ ಬೇಕಾಗಿ ಕೇಳಿದಳು. ನಾನು ಕೆಳಗೆ ಬಿದ್ದ ಒಂದು ಬೇಳೆಯನ್ನು ಹೆಕ್ಕಿ ಮೊರಕ್ಕೆ ಹಾಕಿದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಒಲೆಯ ಹೊಗೆ ಮನೆಯ ಹೆಂಚಿನ ಮೇಲೆ ಏರಿತು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ನನಗಾಗಿಯೂ ಬಡಿಯುತ್ತಿದ್ದಳು, ಅದು ರೊಟ್ಟಿಗಳ ಎಣಿಕೆಯಿಂದ ತಿಳಿಯಿತು. ನಾನು ಏಳಬೇಕು ಎಂದುಕೊಳ್ಳುತ್ತ ಅಲ್ಲೇ ಕೂತಿದ್ದೆ.