ಎಟ್ರುಸ್ಕನ್ನರ ಎಡೆ

ಸಿಡ್ನಿಯ ಮ್ಯೂಸಿಯಮ್ಮಿನ ಮಂದ ಬೆಳಕಿನಲ್ಲಿ ಎಲ್ಲವೂ ನೀರಿನಡಿ ಇದ್ದಂತೆ ಕಾಣುತ್ತಿತ್ತು. ಗಾಜಿನೊಳಗೆ ಒಂದು ಕಪ್ಪು ಬಟ್ಟಲು, ಮಣ್ಣಿನ ತಟ್ಟೆ, ತಟ್ಟೆಯಲ್ಲಿ ಮೊಟ್ಟೆಯ ಚಿಪ್ಪು. ರೋಮನ್ನರಿಗೂ ಮೊದಲು ಇಟಲಿಯಲ್ಲಿ ಬಾಳಿದ ಎಟ್ರುಸ್ಕನ್ನರನ್ನು ಲೋಕ ಮರೆತೇಬಿಟ್ಟಿತ್ತು. ಗೋರಿಗಳನ್ನು ಅಗೆದಾಗ ಮತ್ತೆ ಸಿಕ್ಕರು.

“ಇದೇನ ಇಟ್ಟಾರ?” ಎಂದರು, ನನ್ನನ್ನು ಕರೆತಂದಿದ್ದ, ಸಿಡ್ನಿಯ ಎಪ್ಪಿಂಗ್ ಬಡಾವಣೆಯಲ್ಲಿ ನೆಲೆಸಿದ್ದ ಧಾರವಾಡದ ಪದ್ಮಕ್ಕ.

“ಸತ್ತವರಿಗೆ ಊಟ.”

ಪದ್ಮಕ್ಕ ಥಟ್ಟನೆ ಚಪ್ಪಲಿ ಬಿಟ್ಟರು. ಫೋಟೊ ತೆಗೆಯಲು ಬಗ್ಗಿದ್ದ ನನ್ನ ತೋಳು ಹಿಡಿದೆಳೆದರು.

“ಎಡಿ ಇಟ್ಟ ಮ್ಯಾಲೆ ಬಾಗಲಾ ಮುಂದ ಮಾಡಿ ಹೊರಗ ಕೂಡತೀವಲ್ಲ? ನಾವು ಇಲ್ಲೇ ನಿಂತ್ರ ಅವರು ಹ್ಯಾಂಗ ಉಣ್ಣಬೇಕು?”

ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆವು. ಬಿಳಿಯ ದಂಪತಿ ಒಳಗೆ ಹೊರಟರು. ಪದ್ಮಕ್ಕ ಮೆಲ್ಲನೆ ಕೈ ಅಡ್ಡ ಹಿಡಿದರು.

“ವನ್ ಮಿನಿಟ್, ಪ್ಲೀಸ್. ದೇ ಆರ್ ಈಟಿಂಗ್.”